ನಕ್ಷೆಯಲ್ಲಿ ಡೋಲಿ ಹೊತ್ತವರು

ಮಧುಗಿರಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲೊಂದಕ್ಕೆ ಭೂಗೋಳದ ಟೀಚರಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮೂರು ಸಿರಾ. ಅಬ್ಬಾ ಅಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ನಾನು ಟೀಚರ್ ಟ್ರೈನಿಂಗ್ ಮುಗಿಸಿದೆ. ಕೆಲಸದ ಆರ್ಡರ್ ಬಂದಾಗ ನೆಂಟರೆಲ್ಲ ಸೇರಿ, ಹೆಣ್ಣುಮಗಳನ್ನು ಒಬ್ಬಳನ್ನೇ ಪರಸ್ಥಳಕ್ಕೆ ಕಳಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡರು. ಅಮ್ಮಿ ಎರಡು ದಿನ ಎಲ್ಲರ ಮಾತನ್ನೂ ಕೇಳಿಸಿಕೊಂಡರು. ಮೂರನೆಯ ದಿನ ಟ್ರಂಕು ತುಂಬಿ, ಬುರ್ಖಾ ಹಾಕಿಕೊಂಡು, "ನಡಿ, ಬಸ್ಸು ಹೊರಟುಬಿಡುತ್ತೆ" ಎಂದರು. ಹಾಗೆ ನಾವಿಬ್ಬರೂ ಮಧುಗಿರಿಗೆ ಬಂದೆವು.

ನಮಗೆ ಸಿಕ್ಕಿದ ಬಾಡಿಗೆ ಮನೆ ಪ್ರವಾಸಿ ಬಂಗಲೆಯ ಹಿಂದುಗಡೆ ಇತ್ತು. ಹಿತ್ತಲ ಬಾಗಿಲು ತೆಗೆದರೆ ಕಣ್ಣ ತುಂಬ ಬೆಟ್ಟ. ಪಕ್ಕದ ಮನೆಯಲ್ಲಿ ಬಂಗಲೆಯ ಹಳೆಯ ಮೇಟಿ ಇದ್ದರು. ಬಂಗಲೆಗೆ ಬರುವ ಅಧಿಕಾರಿಗಳಿಗೆ ಅಡುಗೆ ಮಾಡಿ, ಹಾಸಿಗೆ ಹಾಸಿ, ಸ್ನಾನಕ್ಕೆ ನೀರು ಕಾಯಿಸುವವರನ್ನು ಆಗ ಮೇಟಿ ಎನ್ನುತ್ತಿದ್ದರು. ಕೆಲಸವನ್ನು ಮಗನಿಗೆ ಬಿಟ್ಟುಕೊಟ್ಟು ವರ್ಷಗಳಾಗಿದ್ದರೂ ಊರಿಗೆಲ್ಲ ಅವರು ಮೇಟಿ ತಾತನೇ. ಮೂಲ ಮಿಡಿಗೇಶಿಯವರು. ಎಪ್ಪತ್ತರ ಹತ್ತಿರದ ವಯಸ್ಸು, ಕಡುಗಪ್ಪು ಬಣ್ಣ, ಬೆನ್ನು ಇನ್ನೂ ನೆಟ್ಟಗೆ. ನಾವು ಬಂದ ವಾರದಲ್ಲೇ ಒಂದು ಹೊರೆ ನುಗ್ಗೆಸೊಪ್ಪು ಹಿಡಿದು ಬಾಗಿಲಲ್ಲಿ ನಿಂತು, "ಬೀಬಮ್ಮೋರೆ, ಸೊಪ್ಪು ತಿಂತೀರೋ, ಬರೀ ಮಾಂಸವೇನೋ?" ಎಂದು ಕೇಳಿದರು. ಪರಗಂಡಸರ ಜೊತೆ ಪರದೆಯ ಹಿಂದಿನಿಂದ ಮಾತಾಡುತ್ತಿದ್ದ ಅಮ್ಮಿ ಆ ದಿನ ಪರದೆಯಿಂದ ಕೈ ಮಾತ್ರ ಹೊರಗೆ ಚಾಚಿ ಸೊಪ್ಪು ಇಸಿದುಕೊಂಡರು. ತಿಂಗಳು ಕಳೆಯುವುದರೊಳಗೆ ಪರದೆ ಗೂಟ ಹತ್ತಿತು. ಸಾಹೇಬರ ಕಾಲದಲ್ಲಿ ಕಲಿತ ಮೊಟ್ಟೆಯ ಪುಡಿಂಗನ್ನು ತಾತ ಅಮ್ಮಿಗೆ ಕಲಿಸಿದರು. ಅಮ್ಮಿ ತಾತನ ಮಸಾಲೆಗೆ ಚಕ್ಕೆ ಹೆಚ್ಚಾಯಿತೆಂದು ದಿನವೂ ಜಗಳ ಆಡುತ್ತಿದ್ದರು.

ತಾತನ ಮೊಮ್ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ತಾತನದೇ ಬಣ್ಣ, ತಾತನದೇ ಎತ್ತರ. ಓದಲು ನಿಂತರೆ ಅವಳ ದನಿ ಶಾಲೆಯ ಗೇಟಿನವರೆಗೂ ಕೇಳಿಸುತ್ತಿತ್ತು.

ಎರಡನೆಯ ವರ್ಷದಲ್ಲಿ, ಅವಳು ನನ್ನ ಆರನೇ ಕ್ಲಾಸಿಗೆ ಬಂದಾಗ, ನಮ್ಮ ಶಾಲೆಗೆ ಬೆಂಗಳೂರಿನಿಂದ ಒಂದು ಕಟ್ಟು ಬಸ್ಸಿನಲ್ಲಿ ಬಂತು. ಯಾರೋ ನಿವೃತ್ತ ಇಂಜಿನಿಯರು ಮನೆ ಖಾಲಿ ಮಾಡುವಾಗ ತಮ್ಮಲ್ಲಿದ್ದ ಹಳೆಯ ಭೂಪಟಗಳನ್ನು ಶಾಲೆಗೆ ದಾನ ಮಾಡಿದ್ದರು. ನಮ್ಮಲ್ಲಿ ಅದುವರೆಗೆ ಇದ್ದದ್ದು ಒಂದೇ ಭೂಪಟ, ಅದೂ ದೇಶ ಇಬ್ಭಾಗವಾಗುವ ಮೊದಲಿನದು. ಕಟ್ಟು ಬಿಚ್ಚುವಾಗ ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ಮದುವೆಯ ಸೀರೆಯ ಪೆಟ್ಟಿಗೆ ಬಿಚ್ಚಿದಷ್ಟು ಸಂಭ್ರಮ. ಒಳಗೆ ಮಳೆಯ ಪಟ, ಬೆಳೆಯ ಪಟ, ರೈಲು ದಾರಿಯ ಪಟ ಇದ್ದವು. ಕೊನೆಗೆ ಹೊರಬಂದದ್ದು ಬೇರೆಯದೇ ಬಗೆ. ವಿಲಾಯತಿಯ ಹಡಗಿನ ಕಂಪನಿಯೊಂದು ಪ್ರವಾಸಿಗರನ್ನು ಕರೆಯಲು ಅಚ್ಚು ಹಾಕಿಸಿದ್ದ ಚಿತ್ರದ ನಕ್ಷೆ. ಸಮುದ್ರವೆಲ್ಲ ನವಿಲಿನ ಬಣ್ಣ, ಅಂಚಿಗೆ ಚಿನ್ನದ ಗೆರೆ, ಊರುಗಳ ಜಾಗದಲ್ಲಿ ಸಣ್ಣ ಸಣ್ಣ ಚಿತ್ರಗಳು. ಹಾವಾಡಿಗ, ಹುಲಿ, ಮುಳ್ಳಿನ ಮೇಲೆ ಮಲಗಿದ ಫಕೀರ, ಅವರನ್ನೆಲ್ಲ ನೋಡುತ್ತಾ ನಿಂತ ಸಾಹೇಬರು. ಮೈಸೂರು ಸೀಮೆಯ ಜಾಗದಲ್ಲಿ ಒಂದು ದೊಡ್ಡ ಬೋಳು ಬಂಡೆಯ ಬೆಟ್ಟ. ಹೆಸರು ಬರೆದಿರಲಿಲ್ಲ, ಆದರೆ ನಮ್ಮ ಕಿಟಕಿಯಿಂದ ಕಾಣುವ ಬೆಟ್ಟದ ಹಾಗೆಯೇ ಇತ್ತು. ಅದರ ತುದಿಗೆ ನಾಲ್ಕು ಜನ ಒಂದು ಡೋಲಿ ಹೊತ್ತು ಹತ್ತುತ್ತಿದ್ದರು. ಡೋಲಿಯಲ್ಲಿ ಟೋಪಿ ಹಾಕಿಕೊಂಡ ದೊರೆಸಾನಿ. ಹೊತ್ತವರು ಮಸಿಯ ಹಾಗೆ ಕಪ್ಪು. ಹೊರಬಿದ್ದ ಬಿಳಿ ಕಣ್ಣು, ಅರ್ಧ ಮುಖ ತುಂಬಿದ ಕೆಂಪು ತುಟಿ, ಕಿವಿಯಿಂದ ಕಿವಿಗೆ ನಗು. ಕೆಳಗೆ ಇಂಗ್ಲಿಷಿನಲ್ಲಿ, ಪ್ರವಾಸಿಗರು ಆಯಾಸಪಡಬೇಕಾಗಿಲ್ಲ, ಅಲ್ಲಿನ ಕರಿಯ ಜನ ಖುಷಿಯಿಂದ ಹೊರುತ್ತಾರೆ ಎನ್ನುವ ಅರ್ಥದ ಮಾತು.

ಅದನ್ನು ನೋಡಿ ನಾನು ನಕ್ಕೆ. ಇದನ್ನು ಮುಚ್ಚಿಟ್ಟರೆ ಮುಂದಿನದನ್ನು ಬರೆದು ಫಲವಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ಹೆಡ್‌ಮಿಸ್ಟ್ರೆಸ್ ಮಾತ್ರ ಚಿತ್ರದ ಕಡೆ ಹೆಚ್ಚು ಗಮನ ಕೊಡದೆ, "ಎಂಥ ಕಾಗದ ನೋಡಿ, ಎಂಥ ಬಣ್ಣ. ಇನ್ಸ್‌ಪೆಕ್ಟರ್ ಬಂದಾಗ ಇದನ್ನ ಮುಂದುಗಡೆ ಹಾಕಬೇಕು" ಎಂದರು. ಮಾರನೆಯ ದಿನ ನಾನು ಅದನ್ನು ಆರನೇ ಕ್ಲಾಸಿನ ಗೋಡೆಗೆ ನೇತುಹಾಕಿದೆ.

ಹುಡುಗಿಯರು ಮೊದಲು ಹುಲಿ ನೋಡಿದರು, ಆಮೇಲೆ ಹಾವಾಡಿಗನನ್ನು. ಬೆಟ್ಟ ಕಂಡ ಕೂಡಲೇ "ನಮ್ಮ ಬೆಟ್ಟ, ನಮ್ಮ ಬೆಟ್ಟ" ಎಂದು ಗದ್ದಲ ಎದ್ದಿತು. ಒಬ್ಬಳು ಡೋಲಿಯವರನ್ನು ತೋರಿಸಿ, "ಮಿಸ್, ಇವ್ರು ಆಫ್ರಿಕಾದೋರಾ, ನಮ್ಮೋರಾ?" ಎಂದು ಕೇಳಿದಳು. ನಾನು ಉತ್ತರ ಯೋಚಿಸುವಷ್ಟರಲ್ಲಿ ತಾತನ ಮೊಮ್ಮಗಳು ಎದ್ದು ನಿಂತಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು.

"ನಮ್ಮೋರೇ ಮಿಸ್. ನಮ್ ತಾತನೂ ಇಂಗೇ ಡೋಲಿ ಹೊರ್ತಿತ್ತಂತೆ, ದೊರೆಸಾನೀರನ್ನ ಕೂರಿಸ್ಕೊಂಡು."

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಅದ್ಕೇ ನೀನೂ ಅಂಗೇ ಇದ್ದೀಯ."

ಇಡೀ ಕ್ಲಾಸು ನಕ್ಕಿತು. "ಸೈಲೆನ್ಸ್" ಎಂದು ನಾನು ಮೇಜು ಕುಟ್ಟಿದೆ. ಆದರೆ ಹಿಂದಿನ ದಿನದ ನಗು ನನ್ನ ತುಟಿಯ ಮೇಲೆ ಇನ್ನೂ ಉಳಿದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ಕುಳಿತುಕೊಂಡಳು. ಸಂಜೆಯ ಹೊತ್ತಿಗೆ ಶಾಲೆಯಲ್ಲೆಲ್ಲ ಅವಳ ಹೆಸರು ಡೋಲಿ ಎಂದಾಗಿತ್ತು. ಮಾರನೆಯ ದಿನದಿಂದ ಅವಳು ಬರಲಿಲ್ಲ.

ಜ್ವರವಿರಬೇಕು ಎಂದುಕೊಂಡೆ. ಪಕ್ಕದ ಮನೆಗೆ ಹೋಗಿ ವಿಚಾರಿಸಲು ನಾಲ್ಕು ಹೆಜ್ಜೆ ಸಾಕಿತ್ತು, ಆದರೂ ಹೋಗಲಿಲ್ಲ. ಏಕೆ ಹೋಗಲಿಲ್ಲ ಎನ್ನುವುದು ನನಗೆ ಒಳಗೊಳಗೇ ಗೊತ್ತಿತ್ತು.

ಆ ವಾರದ ಕೊನೆಗೆ ನಕ್ಷೆಯ ಮೇಲಂಚು ಮೊಳೆಯ ಜಾಗದಲ್ಲಿ ಹರಿಯಿತು. ಅಮ್ಮಿ ಅಬ್ಬಾನ ಅಂಗಡಿಯಲ್ಲಿ ಕೂತು ಅಂಟು ಹಚ್ಚುವ ಕೆಲಸವನ್ನೆಲ್ಲ ಕಲಿತಿದ್ದರು. ಹೆಡ್‌ಮಿಸ್ಟ್ರೆಸ್ ಹೇಳಿದ್ದರಿಂದ ನಕ್ಷೆಯನ್ನು ಮನೆಗೆ ತಂದೆ. ಅಮ್ಮಿ ಮೈದಾ ಅಂಟು ಕಾಯಿಸಿ, ಹಳೆಯ ಮಸ್ಲಿನ್ ಬಟ್ಟೆ ಕತ್ತರಿಸಿ, ನಕ್ಷೆಯನ್ನು ನಡುಮನೆಯಲ್ಲಿ ಹಾಸಿಕೊಂಡರು. ಕೈಯಲ್ಲಿ ಅಂಟಿನ ಬ್ರಷ್ಷು ಹಿಡಿದು ಬಹಳ ಹೊತ್ತು ನೋಡಿದರು. ಮನೆಯಲ್ಲಿ ನಾವು ಉರ್ದುವಿನಲ್ಲಿ ಮಾತಾಡುತ್ತಿದ್ದೆವು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಲ್ಲಿ ನೋಡು. ಸಾಹೇಬರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಮೂಗು ಬರೆದಿದ್ದಾನೆ. ಒಬ್ಬ ದಪ್ಪ, ಒಬ್ಬ ತೆಳ್ಳಗೆ, ಒಬ್ಬನಿಗೆ ಮೀಸೆ. ನಮ್ಮವರಿಗೆಲ್ಲ ಒಂದೇ ಮುಖ. ಹಾವಾಡಿಗನ ಮುಖ ತೆಗೆದು ಡೋಲಿಯವನಿಗೆ ಅಂಟಿಸಿದರೂ ಗೊತ್ತಾಗಲ್ಲ."

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಭೂಗೋಳದ ಟೀಚರು ನಾನು.

"ನೀನು ಇದನ್ನ ನೋಡಿ ನಕ್ಕೆಯಾ?" ಅಮ್ಮಿ ಕೇಳಿದರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಗದರಲಿಲ್ಲ. ಮಸ್ಲಿನ್ ಬಟ್ಟೆಯ ಸುಕ್ಕು ತೀಡುತ್ತಾ, ತಾವು ಮದುವೆಯಾಗಿ ಸಿರಾಕ್ಕೆ ಬಂದ ದಿನದ ಕಥೆ ಹೇಳಿದರು. ಅಬ್ಬಾ ಬೆಳ್ಳಗಿದ್ದರು, ಅಮ್ಮಿ ಕಪ್ಪು. ಮುಸುಕು ತೆಗೆದು ನೋಡಿದ ಹಿರಿಯ ಹೆಂಗಸೊಬ್ಬರು, ರಾತ್ರಿ ದೀಪ ಆರಿಸಿದರೆ ಇವಳನ್ನು ಹುಡುಕುವುದು ಹೇಗೆ ಎಂದರಂತೆ. ಕೂತವರೆಲ್ಲ ನಕ್ಕರಂತೆ. "ಆ ಹೆಂಗಸಿನ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಅವರ ನಾಲಿಗೆಯೇ ಹಾಗೆ. ಅಲ್ಲಿ ನನ್ನ ಸ್ವಂತ ಅಕ್ಕ ಕೂತಿದ್ದಳು. ಅವಳೂ ನಕ್ಕಳು. ಅದು ಮಾತ್ರ ಇನ್ನೂ ನೆನಪಿದೆ."

ನನಗೆ ಬೇರೆ ಒಂದು ಸಂಗತಿಯೂ ನೆನಪಾಯಿತು. ಹಿಂದಿನ ವರ್ಷ ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರಕ್ಕೆ ನಾನು ಬೆಳ್ಳಗಿದ್ದ ಹುಡುಗಿಯನ್ನು ಆರಿಸಿದ್ದೆ. ಅವಳ ಮಾತು ಮೊದಲ ಬೆಂಚಿಗೂ ಕೇಳಿಸಿರಲಿಲ್ಲ. ಅಂಥ ಗಂಟಲಿದ್ದ ತಾತನ ಮೊಮ್ಮಗಳಿಗೆ ಕೊಟ್ಟದ್ದು ಬಾಗಿಲು ಕಾಯುವ ಭಟನ ವೇಷ. ಆಗ ಅದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ, ನನಗೂ.

ಆ ಸಂಜೆಯೇ ಪಕ್ಕದ ಮನೆಗೆ ಹೋದೆ. ತಾತ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಇಸ್ಕೂಲಿಗೆ ಒಲ್ಲೆ ಅಂತದೆ ಟೀಚರಮ್ಮ. ಏನೋ ಪಟ ಅಂತದೆ, ಅದ್ರಾಗೆ ನಾನಿದ್ದೀನಿ ಅಂತದೆ, ಅಳ್ತದೆ. ನಂಗೆ ಒಂದೂ ತಿಳೀಲಿಲ್ಲ. ಏನದು ಪಟ?"

ತೋರಿಸಲು ನಾಚಿಕೆಯಾಯಿತು. ತೋರಿಸದಿರಲೂ ಆಗಲಿಲ್ಲ. ತಾತ ನಮ್ಮ ಮನೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಅಂಟು ಒಣಗಲು ಹಾಕಿದ್ದ ನಕ್ಷೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೊಮ್ಮಗಳು ಬಾಗಿಲಿಗೆ ಒರಗಿ ನಿಂತಳು. ತಾತ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡು, ಮೊದಲು ಬೆಟ್ಟವನ್ನು ನೋಡಿದರು.

"ಈ ನನ್ಮಗ ಬೆಟ್ಟನೇ ಹತ್ತಿಲ್ಲ ಕಣಮ್ಮ," ಎಂದರು. "ಅಲ್ಲಿಗೆ ಕೋತಿ ಹೋಗೋದೇ ಕಷ್ಟ. ಡೋಲಿ ಹೆಂಗೋಯ್ತದೆ? ನಾವು ಕೋಟೆ ಎರಡನೇ ಬಾಗ್ಲು ತಂಕ ಹೊತ್ಕೊಂಡು ಹೋಗಿ ಇಳಿಸಿಬುಡ್ತಿದ್ವಿ. ಅಲ್ಲಿಂದಾಚೆ ದೊರೆ ಆದ್ರೂ ಅಷ್ಟೆ, ಯಾರಾದ್ರೂ ಅಷ್ಟೆ. ಕೈ ಊರ್ಕೊಂಡು ಹತ್ತಬೇಕು."

ಒಮ್ಮೆ ಒಬ್ಬಳು ದೊರೆಸಾನಿ ಹಟ ಹಿಡಿದು ಮೇಲಕ್ಕೆ ಹತ್ತಿದಳಂತೆ. ಅರ್ಧ ದಾರಿಯಲ್ಲಿ ಕೆಳಗೆ ನೋಡಿ ಬಂಡೆಯನ್ನು ತಬ್ಬಿಕೊಂಡು ಕೂತುಬಿಟ್ಟಳಂತೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಗಂಡ ಮೇಲೆ ನಿಂತು ಕೂಗಾಡಿದಷ್ಟೂ ಅವಳ ಅಳು ಹೆಚ್ಚಾಯಿತು. ಆಗ ತಾತನ ಅಣ್ಣ ಅವಳ ಕೆಳಗಿನ ಮೆಟ್ಟಿಲಿಗೆ ಹೋಗಿ ನಿಂತ. ಅವಳ ಒಂದೊಂದೇ ಪಾದವನ್ನು ಹಿಡಿದು ಬಂಡೆಯಲ್ಲಿ ಕೊರೆದ ಕಚ್ಚಿಗೆ ಇಡಿಸಿ, ಮಗುವನ್ನು ಇಳಿಸಿದ ಹಾಗೆ ಇಳಿಸಿಕೊಂಡು ಬಂದ.

"ಅವಳ ಭಾಸೆ ಇವನಿಗೆ ಬರಾಕಿಲ್ಲ, ಇವನದು ಅವಳಿಗೆ ಬರಾಕಿಲ್ಲ. 'ಅಂಗೇ ಬಾ ತಾಯಿ, ಇಂಗೆ ಇಕ್ಕು' ಅಂತಾನೇ ಇದ್ದ. ಅವಳೂ ಇಕ್ತಾನೇ ಇದ್ಲು. ಕೆಳಕ್ಕೆ ಬಂದ್ಮೇಲೆ ಅವನ ಎರಡು ಕೈನೂ ಹಿಡ್ಕಂಡ್ಲು."

ಹೇಳುತ್ತಾ ಹೇಳುತ್ತಾ ತಾತ ನಕ್ಷೆಯಲ್ಲಿದ್ದ ಡೋಲಿಯ ಮುಂದಿನ ಆಳಿನ ಮೇಲೆ ಬೆರಳಿಟ್ಟರು. "ಮುಂದಿನ ಜಾಗ ನಮ್ಮಣ್ಣಂದು. ಅಂದ್ರೆ ಇವನು ನಮ್ಮಣ್ಣ ಅಂತ ಇಟ್ಕೊಳ್ಳಿ." ಬೆರಳು ಅಲ್ಲೇ ನಿಂತಿತು. ದನಿ ಇಳಿಯಿತು. "ನಮ್ಮಣ್ಣನ ಬಾಯಿ ಇಂಗಿತ್ತಾ? ಚೆಲುವ ಕಣ್ರಮ್ಮ ಅವನು. ಆಮೇಲೆ ಬಂತಲ್ಲ ದೊಡ್ಡ ಜ್ವರ, ಮನೆಮನೇಲೂ ಸತ್ರಲ್ಲ, ಆಗ ಹೋದ. ಅವಂದೊಂದು ಫೋಟ ಇಲ್ಲ. ಅವನ ಮಖ ನನ್ ಕಣ್ಣಾಗೆ ಐತೆ, ಅಷ್ಟೆ. ಅವನನ್ನ ನೋಡ್ದೋರು ಬರೆಯೋದಾದ್ರೆ ಇಂಗಾ ಬರೆಯೋದು?"

ಅಮ್ಮಿ ಒಳಗೆ ಹೋಗಿ ಟೀ ಇಟ್ಟರು. ನಾನು ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಹತ್ತಿರ ಹೋಗಿ ಹೇಳಿದೆ: "ಅವತ್ತು ಕ್ಲಾಸಲ್ಲಿ ನಾನೂ ನಕ್ಕೆ. ತಪ್ಪಾಯ್ತು ಕಣಮ್ಮ."

ಅವಳು ಕಾಲ್ಬೆರಳಿಂದ ಹೊಸಿಲು ಕೆರೆಯುತ್ತಾ ಸ್ವಲ್ಪ ಯೋಚಿಸಿದಳು. "ನೀವು ಸ್ವಲ್ಪೇ ನಕ್ರಿ ಮಿಸ್," ಎಂದಳು. ಸಮಾಧಾನ ಮಾಡಬೇಕಾದವಳು ನಾನು. ಅವಳೇ ನನಗೆ ಸಮಾಧಾನ ಹೇಳಿದಳು.

ಸೋಮವಾರ ಅವಳು ಶಾಲೆಗೆ ಬಂದಳು. ನಾನು ಕ್ಲಾಸಿನಲ್ಲಿ ಭಾಷಣವನ್ನೇನೂ ಮಾಡಲಿಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಇದರಲ್ಲಿ ಎಷ್ಟು ಸುಳ್ಳಿದೆ ಎಂದು ಕಂಡುಹಿಡಿಯೋಣ, ಅದಕ್ಕೆ ಬೆಟ್ಟ ಹತ್ತೋಣ ಎಂದೆ. ಮುಂದಿನ ಶನಿವಾರ ಬೆಳಗ್ಗೆ ಹದಿನೇಳು ಹುಡುಗಿಯರು, ನಾನು, ಮುಂದೆ ಊರುಗೋಲು ಹಿಡಿದ ತಾತ. ತಾತ ಎರಡನೇ ಬಾಗಿಲವರೆಗೆ ಬಂದರು. ಮಳೆನೀರು ನಿಲ್ಲುವ ದೊಣೆಗಳು, ಹೆಜ್ಜೇನು ಕಟ್ಟುವ ಕೊರಕಲು, ಡೋಲಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಚಪ್ಪಡಿ, ಎಲ್ಲವನ್ನೂ ತೋರಿಸಿದರು. ದೊರೆಸಾನಿ ಕೂತು ಅತ್ತ ಜಾಗವನ್ನು ಕೋಲು ಎತ್ತಿ ಕೆಳಗಿನಿಂದಲೇ ತೋರಿಸಿದರು. ಅಲ್ಲಿ ನಿಂತು ಹುಡುಗಿಯರು ಬಾಯಿ ತೆರೆದು ಮೇಲೆ ನೋಡಿದರು. ಹಿಂದಿನ ಸಾಲಿನಲ್ಲಿ ಕೂತು ಆ ಮಾತಾಡಿದವಳು ಬಂಡೆ ಇಳಿಯುವಾಗ ಅರ್ಧದಲ್ಲೇ ಕೂತುಬಿಟ್ಟಳು. ತಾತನ ಮೊಮ್ಮಗಳು ಅವಳ ಕೆಳಗಿನ ಮೆಟ್ಟಿಲಿಗೆ ಹೋಗಿ, ಪಾದ ಹಿಡಿದು, "ಇಲ್ಲಿ ಇಕ್ಕು ಕಣೇ" ಎನ್ನುತ್ತಾ ಇಳಿಸಿದಳು. ಅವರಿಬ್ಬರೂ ಆ ದಿನದಿಂದ ಗೆಳತಿಯರಾದರು ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಆದರೆ ಡೋಲಿ ಎಂಬ ಹೆಸರು ಕೂಗುವವರು ಕಡಿಮೆಯಾದರು.

ಮರುವಾರ ಕ್ಲಾಸಿನಲ್ಲಿ ನಮ್ಮದೇ ನಕ್ಷೆ ಬರೆಯಲು ಕೂತೆವು. ನಾಲ್ಕು ಹಾಳೆ ಅಂಟಿಸಿ ಒಂದು ಮಾಡಿದೆ. ಹೆಡ್‌ಮಿಸ್ಟ್ರೆಸ್ ಬೀರುವಿನಿಂದ ಬಣ್ಣದ ಪೆನ್ಸಿಲಿನ ಹೊಸ ಡಬ್ಬಿ ಕೊಟ್ಟರು. ಬೆಟ್ಟ, ದೊಣೆ, ಬಾಗಿಲು, ಜೇನು, ಬಸ್ ಸ್ಟ್ಯಾಂಡು, ಸಿರಾ ಕಡೆ ಹೋಗುವ ದಾರಿ, ಪಾವಗಡದ ಕಡೆಯ ದಾರಿ, ಎಲ್ಲ ಬಂದವು. ಆಮೇಲೆ ಜನ. ಒಬ್ಬೊಬ್ಬಳೂ ತನ್ನನ್ನು ಬರೆದುಕೊಂಡಳು. ಸಂಜೆ ಹೊತ್ತಿಗೆ ನೋಡಿದರೆ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಪೆನ್ಸಿಲು ಸವೆದು ಬೆರಳುಗುರಿನಷ್ಟಾಗಿತ್ತು. ಕಂದು ಬಣ್ಣದ್ದು ಮೊನೆ ಮಾಡಿಯೂ ಇರಲಿಲ್ಲ. ನಕ್ಷೆಯಲ್ಲಿ ಹದಿನೇಳು ಗುಲಾಬಿ ಹುಡುಗಿಯರು, ಒಬ್ಬಳು ಗುಲಾಬಿ ಟೀಚರು. ಕೋಲು ಹಿಡಿದ ತಾತನೂ ಗುಲಾಬಿ.

ಶಾಲೆ ಬಿಡುವ ಹೊತ್ತಿಗೆ ಮೊಮ್ಮಗಳನ್ನು ಕರೆದೊಯ್ಯಲು ಬಂದ ತಾತ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ ಕಣ್ರವ್ವ, ಅವ್ನು ನಮ್ಮನ್ನ ಮಸಿ ಮಾಡ್ಬುಟ್ಟ. ನೀವು ನನ್ನ ದೊರೆ ಮಾಡ್ಬುಟ್ರಿ. ನಾನು ನನ್ನಂಗಿರೋದು ಯಾವಾಗ?"

ಹುಡುಗಿಯರೂ ನಕ್ಕರು. ಆದರೆ ತಾತನ ಮೊಮ್ಮಗಳು ಹಾಳೆಯ ಖಾಲಿ ಮೂಲೆಯನ್ನು ನೋಡುತ್ತಿದ್ದಳು. ಮಾರನೆಯ ದಿನ ಮನೆಯಿಂದ ಒಂದು ಚೂರು ಇದ್ದಿಲು ತಂದಳು. ಕಂದು ಪೆನ್ಸಿಲಿಗೆ ಮೊನೆ ಮಾಡಿ ಹಗುರಾಗಿ ತೀಡಿ, ಮೇಲೆ ಕೆಂಪು ಸ್ವಲ್ಪ ಎಳೆದು, ಇದ್ದಿಲು ಮುಟ್ಟಿದ ಬೆರಳಿಂದ ಸವರಿ, ಡೋಲಿಯ ನಾಲ್ವರನ್ನು ಬರೆದಳು. ಮೂರು ದಿನ ಹಿಡಿಯಿತು. ನಾಲ್ಕು ಮುಖ, ನಾಲ್ಕು ಮೂಗು, ನಾಲ್ಕು ಬಣ್ಣ. ಮುಂದಿನವನ ಕಿವಿಗೆ ತೊಟ್ಟ ಒಂಟಿ, ಹುಬ್ಬಿನ ಮೇಲೆ ಗಾಯದ ಗುರುತು, ಮುಂದಿನ ಹಲ್ಲುಗಳ ನಡುವೆ ಸಂದು. ದಿನವೂ ತಾತನನ್ನು ಕೇಳಿ ಕೇಳಿ ಬಂದು ಬರೆಯುತ್ತಿದ್ದಳಂತೆ.

ತಾತ ಅದನ್ನು ನೋಡಲು ಬಂದಾಗ ಕನ್ನಡಕ ಒರೆಸಿಕೊಳ್ಳುವುದೇ ಮುಗಿಯಲಿಲ್ಲ. "ಗಾಯ ಈ ಕಡೆಗಲ್ಲ ಕಣವ್ವ, ಆ ಕಡೆ ಹುಬ್ಬಿಗೆ," ಎಂದರು ಕೊನೆಗೆ. ಅವಳು ಅಳಿಸಿ ಬರೆದಳು. ತಾತ ಬೆಂಚಿನ ಮೇಲೆ ಕೂತು ಅವಳು ಬರೆದು ಮುಗಿಸುವವರೆಗೂ ಕಾದರು. ಆಮೇಲೆ ತಲೆಯಾಡಿಸಿ, ಮೇಲುವಸ್ತ್ರದಿಂದ ಮುಖ ಒರೆಸಿಕೊಂಡು ಎದ್ದು ಹೋದರು.

ಇನ್ಸ್‌ಪೆಕ್ಟರು ಬಂದದ್ದು ಅದಾದ ತಿಂಗಳಿಗೆ. ಬೆಂಗಳೂರಿನ ದಾನಿಗಳು ಕಳಿಸಿದ ಚಿತ್ರದ ನಕ್ಷೆ ಎಲ್ಲಿ ಎಂದು ಅವರು ಕೇಳಿಯೇಬಿಟ್ಟರು. ಅದನ್ನು ಮತ್ತೆ ಗೋಡೆಗೆ ಹಾಕುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್‌ಗೆ ನಾನು ಹೇಳಿದ್ದೆ. ಅವರು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

"ರಿಪೇರಿಗೆ ಕೊಟ್ಟಿದೆ ಸರ್, ಅಂಟು ಇನ್ನೂ ಒಣಗಿಲ್ಲ," ಎಂದು ಹೆಡ್‌ಮಿಸ್ಟ್ರೆಸ್ ರೆಪ್ಪೆ ಮಿಟುಕಿಸದೆ ಹೇಳಿದರು. "ಅಷ್ಟರಲ್ಲಿ ನಮ್ಮ ಹುಡುಗಿಯರು ಬರೆದದ್ದು ನೋಡಿ." ಇನ್ಸ್‌ಪೆಕ್ಟರು ಹುಡುಗಿಯರ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು, ಜೇನು ಎಲ್ಲಿ ಕಟ್ಟುತ್ತದೆ ಎಂದು ತಾತನ ಮೊಮ್ಮಗಳನ್ನೇ ಕೇಳಿದರು. ಅವಳ ಉತ್ತರ ಗೇಟಿನವರೆಗೂ ಕೇಳಿಸಿತು. ಅವರು ಹೋದ ಮೇಲೆ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, "ನನ್ನ ಕೈಲಿ ಸುಳ್ಳು ಹೇಳಿಸಿದಿರಿ," ಎಂದರು. ಬೈಗುಳವೋ ಮೆಚ್ಚುಗೆಯೋ ಇವತ್ತಿಗೂ ಗೊತ್ತಾಗಿಲ್ಲ.

ಅರವತ್ತರ ದಶಕದ ನಡುವೆ ನನಗೆ ಪಾವಗಡಕ್ಕೆ ವರ್ಗವಾಯಿತು. ಅಷ್ಟರಲ್ಲಿ ತಾತ ತೀರಿಕೊಂಡಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಮಲಗಿದವರು ಏಳಲಿಲ್ಲ. ಅಮ್ಮಿ ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ಮೊಮ್ಮಗಳಿಗೆ ಹದಿನೇಳು ತುಂಬಿದಾಗ ಕೊರಟಗೆರೆಯಿಂದ ಒಂದು ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ತಿಂದು, ಹುಡುಗಿ ಬಣ್ಣ ಕಮ್ಮಿ ಎಂದು ಹೇಳಿ ಕಳಿಸಿದ್ದರಂತೆ. ಅವಳು ಅಳುತ್ತಾ ಕೂರದೆ ದಾದಿ ಟ್ರೈನಿಂಗಿಗೆ ಅರ್ಜಿ ಹಾಕಿದಳು. ಅವಳಿಗೆ ಮೊದಲ ಕೆಲಸ ಸಿಕ್ಕಿದ್ದು ಅದೇ ಕೊರಟಗೆರೆಯ ಕಡೆ. ಆಮೇಲೆ ಪಾವಗಡಕ್ಕೆ ಬಂದಳು. ಮನೆ ಸಿಗುವವರೆಗೆ ನಮ್ಮಲ್ಲೇ ಇರು ಎಂದು ಅಮ್ಮಿ ಅವಳ ಟ್ರಂಕನ್ನು ಒಳಗೆ ಎಳೆದುಕೊಂಡರು.

ಒಂದು ಬೆಳಗ್ಗೆ ಹಳ್ಳಿಯೊಂದರಲ್ಲಿ ಹೆರಿಗೆ ಮಾಡಿಸಿ ಬಂದವಳು ರೊಟ್ಟಿ ತಿನ್ನುತ್ತಾ ಹೇಳಿದಳು:

"ಈ ಕಡೆ ಮೊದಲು ಗಂಡೋ ಹೆಣ್ಣೋ ಅಂತ ಕೇಳ್ತಾರೆ ಮಿಸ್. ಆಮೇಲೆ ಅಜ್ಜೀರು ಬಂದು, 'ರಂಗು ಎಟ್ಲುಂದಮ್ಮಾ' ಅಂತಾರೆ. ಬಣ್ಣ ಹೆಂಗೈತೆ ಅಂತ."

"ನೀನೇನು ಹೇಳ್ತೀಯ?" ಅಮ್ಮಿ ಕೇಳಿದರು.

"ಎಲ್ಲಾವೂ ಹುಟ್ತಾಲೇ ಕೆಂಪಗಿರ್ತವೆ, ಒಂದು ವಾರ ತಡೀರಿ ಅಂತೀನಿ. ವಾರ ಆದ್ಮೇಲೆ ಅವ್ರೇ ಎತ್ಕೊಂಡು ಮುದ್ದಾಡ್ತಿರ್ತಾರೆ. ಆಗ ಕೇಳೋದು ಮರ್ತೋಗಿರ್ತದೆ."

ಅಮ್ಮಿ ತಮ್ಮ ಕಪ್ಪು ಕೈಯಿಂದ ಅವಳ ತಲೆ ಸವರಿ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವಳು ಬೇಡವೆನ್ನಲಿಲ್ಲ. ಒಂಬತ್ತು ಗಂಟೆಯ ಬಸ್ಸಿಗೆ ನಿಡುಗಲ್ ಕಡೆಗೆ ಹೋಗಬೇಕಿತ್ತು; ಅಲ್ಲಿ ಇನ್ನೊಬ್ಬಳಿಗೆ ದಿನ ತುಂಬಿತ್ತು.